ಚೊಕ್ಕಕ್ಕ ತೊಳೆಯದೆ ಬಿಟ್ಟ ಜಾರು

ಬೆಳಗಿನ ಆರು ಗಂಟೆ. ಆಹಾರ ಪರೀಕ್ಷಾ ಪ್ರಯೋಗಾಲಯದ ಹಿಂಬಾಗಿಲ ಪಕ್ಕದ ಉದ್ದನೆಯ ಕೋಣೆಯಲ್ಲಿ ಒಂದು ಟ್ಯೂಬ್‌ಲೈಟ್ ಮಾತ್ರ ಉರಿಯುತ್ತಿದೆ. ಮೂರು ತೊಟ್ಟಿ, ಮೂರು ನಲ್ಲಿ, ಗೋಡೆಯುದ್ದಕ್ಕೂ ಗೂಟ ಹೊಡೆದ ಹಲಗೆಗಳು. ರಬ್ಬರ್ ಏಪ್ರನ್ ಕಟ್ಟಿ, ಮೊಣಕೈವರೆಗೆ ಗ್ಲೌಸ್ ಹಾಕಿಕೊಂಡ ಐವತ್ತೆರಡು ವರ್ಷದ ಹೆಂಗಸೊಬ್ಬರು ಗಾಜಿನ ಫ್ಲಾಸ್ಕೊಂದನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಒಳಗೆ ನೀರು ತುಂಬಿ ನಿಧಾನಕ್ಕೆ ಬಗ್ಗಿಸುತ್ತಾರೆ. ನೀರು ಎಲ್ಲೂ ನಿಲ್ಲದೆ ಒಂದೇ ಪದರವಾಗಿ ಇಳಿದುಹೋಗುತ್ತದೆ. ತಲೆಯಾಡಿಸಿ ಅದನ್ನು ಗೂಟಕ್ಕೆ ಬೋರಲು ಹಾಕುತ್ತಾರೆ. ಮುಂದಿನದರ ಕುತ್ತಿಗೆಯ ಬಳಿ ಎರಡೇ ಎರಡು ಹನಿ ನಿಲ್ಲುತ್ತವೆ. ಅದು ಮತ್ತೆ ತೊಟ್ಟಿಗೆ ಹೋಗುತ್ತದೆ.

"ಹನಿ ನಿಂತ್ರೆ ಜಿಡ್ಡು ಇನ್ನೂ ಇದೆ ಅಂತ. ನಮ್ಮ ಕಣ್ಣಿಗೆ ಕಾಣ್ಸಲ್ಲ, ನೀರಿಗೆ ಕಾಣ್ಸುತ್ತೆ," ಎನ್ನುತ್ತಾರೆ.

ಪ್ರಯೋಗಾಲಯದಲ್ಲಿ ಎಲ್ಲರೂ ಇವರನ್ನು ಕರೆಯುವುದು ಚೊಕ್ಕಕ್ಕ ಎಂದು. ಚೊಕ್ಕವಾಗದ ಪಾತ್ರೆ ಇವರ ಕೈ ದಾಟುವುದಿಲ್ಲವೆಂದು ಯಾರೋ ತಮಾಷೆಗೆ ಇಟ್ಟ ಹೆಸರು. ಈಗ ಹಾಜರಿ ಪುಸ್ತಕ ಒಂದನ್ನು ಬಿಟ್ಟರೆ ಬೇರೆಲ್ಲೂ ಅವರ ನಿಜವಾದ ಹೆಸರಿಲ್ಲ. "ನೀವೂ ಚೊಕ್ಕಕ್ಕ ಅಂತ್ಲೇ ಬರೀರಿ. ಪುಸ್ತಕದ ಹೆಸರಲ್ಲಿ ಕರೆದ್ರೆ ಯಾರನ್ನೋ ಕರೀತಿದ್ದಾರೆ ಅಂದ್ಕೊಂಡು ನಾನೇ ತಿರುಗಿ ನೋಡಲ್ಲ," ಎಂದು ನಗುತ್ತಾರೆ.

ಇವರನ್ನು ಹುಡುಕಿಕೊಂಡು ಬಂದ ನನ್ನ ಚೀಲದಲ್ಲಿ ಬೆಳಗಿನ ತಿಂಡಿಯೆಂದು ಒಂದು ಗ್ರನೋಲಾ ಬಾರ್ ಇತ್ತು. ಓಟ್ಸ್, ಬೀಜ, ಒಣಹಣ್ಣು ಎಲ್ಲವನ್ನೂ ಸಿಹಿ ಪಾಕದಲ್ಲಿ ಅಂಟಿಸಿ, ಹೊಳೆಯುವ ಹಾಳೆಯಲ್ಲಿ ಸುತ್ತಿದ ಪಟ್ಟಿ. ಹೊದಿಕೆಯ ಮೇಲೆ ಬೆಟ್ಟ ಹತ್ತುತ್ತಿರುವ ಹುಡುಗಿಯ ಚಿತ್ರ. ಅದನ್ನು ತಿಂದು ನಾನು ಇದುವರೆಗೆ ಹತ್ತಿದ್ದು ಕಚೇರಿಯ ಮೆಟ್ಟಿಲು ಮಾತ್ರ. ಚೊಕ್ಕಕ್ಕ ಅದನ್ನು ನೋಡಿ, "ಹಿಂದುಗಡೆ ಓದಿದ್ರಾ?" ಎಂದು ಕೇಳಿದರು. ಓದಿರಲಿಲ್ಲ. "ಎಲ್ಲರೂ ಅಷ್ಟೇ. ಮುಖ ನೋಡಿ ಮಣೆ ಹಾಕ್ತಾರೆ," ಎಂದರು.

ಪೊಟ್ಟಣದ ಹಿಂದುಗಡೆ ಇರುವುದು ಒಂದು ಸಣ್ಣ ಪಟ್ಟಿ: ಶಕ್ತಿ ಎಷ್ಟು, ಪ್ರೋಟೀನ್ ಎಷ್ಟು, ಕೊಬ್ಬು, ನಾರು, ಸಕ್ಕರೆ ಎಷ್ಟು. ಇರುವೆ ಸಾಲಿನಷ್ಟು ಸಣ್ಣ ಅಕ್ಷರ. ಆ ಅಂಕಿಗಳು ನಿಜವೇ ಎಂದು ನೋಡುವುದು ಇಂಥ ಪ್ರಯೋಗಾಲಯಗಳ ಕೆಲಸ. ಬಾರುಗಳನ್ನು ಪುಡಿ ಮಾಡಿ, ಆ ಪುಡಿಯಲ್ಲಿ ಚೂರು ತೆಗೆದು, ಒಂದನ್ನು ಸುಟ್ಟು, ಒಂದನ್ನು ಕುದಿಸಿ, ಇನ್ನೊಂದರಿಂದ ಕೊಬ್ಬನ್ನು ಇಳಿಸಿ ಲೆಕ್ಕ ಹಾಕುತ್ತಾರೆ. ಈ ಪ್ರತಿಯೊಂದು ಕೆಲಸವೂ ಒಂದು ಶುದ್ಧ ಪಾತ್ರೆಯಿಂದ ಶುರುವಾಗಿ ಒಂದು ಕೊಳೆ ಪಾತ್ರೆಯಲ್ಲಿ ಮುಗಿಯುತ್ತದೆ. ಎರಡು ತುದಿಯಲ್ಲೂ ನಿಂತಿರುವವರು ಚೊಕ್ಕಕ್ಕ.

ದಿನಕ್ಕೆ ಇನ್ನೂರ ನಲವತ್ತು ಗಾಜಿನ ಪಾತ್ರೆ, ಮೂವತ್ತಾರು ಪಿಂಗಾಣಿ ಬಟ್ಟಲು, ನಾಲ್ಕು ಮಿಕ್ಸಿ ಜಾರು. ಒಂದೊಂದಕ್ಕೂ ಸೋಪಿನ ನೀರು, ಮೂರು ಸಲ ನಲ್ಲಿ ನೀರು, ಮೂರು ಸಲ ಬಟ್ಟಿ ಇಳಿಸಿದ ನೀರು. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಮೊದಲ ವರ್ಷ ಗ್ಲೌಸ್ ಸೋರಿ ಆಮ್ಲ ಒಳಗಿಳಿದಿತ್ತು. ಬಲಗೈಯ ಎರಡು ಬೆರಳ ತುದಿಯಲ್ಲಿ ಇಂದಿಗೂ ಗೆರೆಗಳಿಲ್ಲ. ಹಾಜರಿಗೆ ಬೆರಳಚ್ಚಿನ ಯಂತ್ರ ಬಂದಾಗ ಅದು ಇವರನ್ನು ಮನುಷ್ಯರೆಂದೇ ಒಪ್ಪಲಿಲ್ಲವಂತೆ. ಹಾಗಾಗಿ ಇವರೊಬ್ಬರಿಗಾಗಿ ಹಳೆಯ ಹಾಜರಿ ಪುಸ್ತಕ ಉಳಿದುಕೊಂಡಿದೆ. ಇದನ್ನು ಅವರು ದೂರಿನಂತೆ ಅಲ್ಲ, ದೊಡ್ಡಸ್ತಿಕೆಯಂತೆ ಹೇಳುತ್ತಾರೆ.

ಓದಿದ್ದು ಒಂಬತ್ತನೇ ತರಗತಿ. ತಾಯಿ ಒಂದು ಊಟದ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರು. ಶಾಲೆ ಬಿಟ್ಟ ಮೇಲೆ ಮಗಳೂ ಪಕ್ಕದಲ್ಲಿ ಕೂತಳು. "ನಮ್ಮಮ್ಮ ಅಡುಗೆ ರುಚಿ ನೋಡ್ತಿರ್ಲಿಲ್ಲ, ತಟ್ಟೆ ನೋಡಿ ಹೇಳೋಳು. ಇವತ್ತು ಉಪ್ಪು ಜಾಸ್ತಿ ಆಗಿದೆ, ಇವತ್ತು ತಳ ಹಿಡಿದಿದೆ ಅಂತ. ಹೋಗಿದ್ದೇನು ಅಂತ ಬಡಿಸೋರಿಗೆ ಗೊತ್ತು, ಉಳಿದಿದ್ದೇನು ಅಂತ ತೊಳೆಯೋರಿಗೆ ಗೊತ್ತು ಅನ್ನೋಳು."

ಈ ಒಂದು ಮಾತು ಕಳೆದ ವರ್ಷ ದೊಡ್ಡದೊಂದು ಕಂಪನಿಯ ಪೊಟ್ಟಣದ ಮೇಲಿನ ಅಂಕಿಯನ್ನೇ ಬದಲಾಯಿಸಿತು. ಅದನ್ನು ಹೇಳಲೆಂದೇ ಈ ಲೇಖನ. ಚೊಕ್ಕಕ್ಕನಿಂದ ಈ ಕಥೆ ಹೊರಡಿಸುವುದು ಮಾತ್ರ ಕಲ್ಲಿನಿಂದ ನಾರು ತೆಗೆದ ಹಾಗೆ. ಅರ್ಧ ಅವರು ಹೇಳಿದ್ದು, ಉಳಿದರ್ಧ ಅಲ್ಲಿನವರು ಅವರ ಎದುರಿಗೇ ಹೇಳಿ ಅವರನ್ನು ಕೆಂಪಾಗಿಸಿದ್ದು.

ಅದೊಂದು ಮಂಗಳವಾರದ ಮಧ್ಯಾಹ್ನ. ಒಂದು ಮಿಕ್ಸಿ ಜಾರು ತೊಟ್ಟಿಗೆ ಬಂತು. ಬ್ಲೇಡಿನ ಸುತ್ತ, ಮುಚ್ಚಳದ ಒಳಗೆ, ತಳದ ಮೂಲೆಯಲ್ಲಿ ಕಂದು ಬಣ್ಣದ ಅಂಟು. ಗ್ರನೋಲಾ ಬಾರಿನ ಜಾರು ಇವರಿಗೆ ಹೊಸದಲ್ಲ. ಆದರೆ ಈ ಸಲ ಅಂಟು ತೀರಾ ಹೆಚ್ಚಿತ್ತು. ಅದಕ್ಕಿಂತ ಹೆಚ್ಚಾಗಿ ಅದರಲ್ಲಿ ಇರಬೇಕಾದದ್ದು ಇರಲಿಲ್ಲ. ಬೆರಳಲ್ಲಿ ಉಜ್ಜಿ ನೋಡಿದರು. ಓಟ್ಸಿನ ತರಿ ಇಲ್ಲ, ಬೀಜದ ಚೂರಿಲ್ಲ. ಬರೀ ಪಾಕ.

ಜಾರು ಹಿಡಿದುಕೊಂಡೇ ಒಳಗೆ ಹೋದರು. ಅದನ್ನು ರುಬ್ಬಿದ್ದ ರಸಾಯನ ತಜ್ಞರು ಹದಿನಾರು ವರ್ಷದ ಅನುಭವದ, ಅತ್ಯಂತ ಶಿಸ್ತಿನ ಮನುಷ್ಯ. ಮನೆಗೆ ತರಕಾರಿ ತರುವಾಗಲೂ ಎರಡು ದಶಮಾಂಶದವರೆಗೆ ತೂಕ ಕೇಳುತ್ತಾರೆಂದು ಅವರಿಗೆ 'ದಶಮಾಂಶ ಸರ್' ಎಂದು ಹೆಸರು. ಆ ಹೊತ್ತಿಗೆ ಅವರ ಫಲಿತಾಂಶ ಬಂದಾಗಿತ್ತು: ನಲವತ್ತು ಗ್ರಾಂ ತೂಕದ ಒಂದು ಬಾರಿನಲ್ಲಿ 8.3 ಗ್ರಾಂ ಸಕ್ಕರೆ. ಪೊಟ್ಟಣದ ಮೇಲೆ ಇದ್ದದ್ದು 8. ಸಣ್ಣಪುಟ್ಟ ವ್ಯತ್ಯಾಸಕ್ಕೆ ಅವಕಾಶವಿದೆ, ಹಾಗಾಗಿ ಬಾರು ಪಾಸು.

"ಅಕ್ಕ, ಯಾವ ಜಾರಿನಲ್ಲಾದ್ರೂ ಸ್ವಲ್ಪ ಉಳಿಯುತ್ತೆ. ಎಲ್ಲಾ ಕಲಸಿ ಒಂದಾಗಿರುತ್ತಲ್ಲ, ಉಳಿದಿದ್ದೂ ಅದೇ, ಹೋಗಿದ್ದೂ ಅದೇ," ಎಂದರು ದಶಮಾಂಶ ಸರ್.

"ಅದೇ ಆಗಿದ್ರೆ ಇದ್ರಲ್ಲೂ ಓಟ್ಸ್ ಇರ್ಬೇಕಿತ್ತಲ್ಲ ಸಾರ್? ನೋಡಿ, ಒಂದು ಕಾಳೂ ಇಲ್ಲ. ಸಿಹಿಯೆಲ್ಲ ಜಾರಲ್ಲೇ ಕೂತಿದೆ. ನೀವು ಪರೀಕ್ಷೆ ಮಾಡಿದ್ದು ಬರೀ ಓಟ್ಸ್ ಪುಡೀನ."

ಅವರು ನಕ್ಕು, ಆಮೇಲೆ ನೋಡೋಣ ಎಂದರು. ವರದಿ ಶುಕ್ರವಾರ ಹೋಗಬೇಕಿತ್ತು. ಆ ಜಾರು ಮರುದಿನ ಬೆಳಗ್ಗೆ ಬೇರೆ ಮಾದರಿಗೆ ಬೇಕಿತ್ತು. ತೊಳೆದರೆ ಮುಗಿಯಿತು, ಹೇಳಿದ್ದೆಲ್ಲ ನೀರಿನ ಜೊತೆ ಚರಂಡಿಗೆ.

ಹದಿನೆಂಟು ವರ್ಷದಲ್ಲಿ ಮೊದಲ ಸಲ ಚೊಕ್ಕಕ್ಕ ಒಂದು ಪಾತ್ರೆಯನ್ನು ತೊಳೆಯಲಿಲ್ಲ. ಜಾರಿನ ಬಾಯಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು, 'ಇದನ್ನು ಯಾರೂ ತೊಳೆಯಬಾರದು' ಎಂದು ಚೀಟಿ ಅಂಟಿಸಿ, ಮಾದರಿಗಳ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಟ್ಟು ಮನೆಗೆ ಹೋದರು. "ಬಸ್ಸಲ್ಲಿ ಕೂತಾಗ್ಲೂ ಅದೇ ಯೋಚ್ನೆ. ಕೊಳೆ ಪಾತ್ರೆ ಬಿಟ್ಟು ಬಂದಿದ್ದೀನಲ್ಲ ಅಂತ ಒಂದು ಕಡೆ. ಇದ್ರಿಂದ ಕೆಲ್ಸ ಹೋದ್ರೆ ಅಂತ ಇನ್ನೊಂದು ಕಡೆ."

ಭಯಕ್ಕೆ ಕಾರಣವಿತ್ತು. ತೊಳೆಯುವವರು ಪರೀಕ್ಷೆಯ ವಸ್ತುವಿಗೆ ಕೈ ಹಚ್ಚುವಂತಿಲ್ಲ, ತಕ್ಕಡಿ ಕೋಣೆಯ ಹೊಸ್ತಿಲು ದಾಟುವಂತಿಲ್ಲ. ಇದು ಗೋಡೆಯ ಮೇಲೆ ಬರೆದು ಹಾಕಿದ ನಿಯಮ. ಆದರೂ ಬುಧವಾರ ಅವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಮನೆಯಿಂದ ಅಡುಗೆ ತಕ್ಕಡಿ ತಂದರು. ಬಸ್ ಚಾಲಕರಾದ ಅವರ ಯಜಮಾನರಿಗೆ ಸಕ್ಕರೆ ಕಾಯಿಲೆ. ಅವರು ತಿನ್ನುವ ಅನ್ನ ತೂಗಲೆಂದು ಕೊಂಡಿದ್ದ ಪುಟ್ಟ ತಕ್ಕಡಿ ಅದು. ಅಂಟು ಹಿಡಿದ ಜಾರನ್ನು ತೂಗಿದರು, ಅದೇ ಅಳತೆಯ ತೊಳೆದ ಜಾರನ್ನೂ ತೂಗಿದರು. ವ್ಯತ್ಯಾಸ ಮೂವತ್ತೆರಡು ಗ್ರಾಂ. ಐದು ಬಾರು ಸೇರಿ ಒಳಗೆ ಹೋಗಿದ್ದು ಇನ್ನೂರು ಗ್ರಾಂ. ಹತ್ತಿರ ಹತ್ತಿರ ಒಂದು ಇಡೀ ಬಾರಿನಷ್ಟು ಜಾರಿನಲ್ಲೇ ಉಳಿದಿತ್ತು.

ಚೀಟಿ ಮೊದಲು ಕಂಡದ್ದು ಮುಖ್ಯಸ್ಥೆಗೆ. ಎಲ್ಲರೂ 'ದೊಡ್ಡ ಮೇಡಂ' ಎನ್ನುವ ಇವರು ಕಡ್ಡಿ ಮುರಿದ ಹಾಗೆ ಮಾತಾಡುವವರು. ಮಾದರಿ ಮುಟ್ಟಿದ್ದಕ್ಕೆ ಕಾರಣ ಕೇಳಿ ಅಂದೇ ನೋಟಿಸ್ ಕೊಟ್ಟರು. ಅದರ ಬಗ್ಗೆ ಅವರಿಗೆ ಈಗಲೂ ಮುಜುಗರವಿಲ್ಲ. "ನಿಯಮ ನಿಯಮವೇ. ಆದ್ರೆ ನೋಟಿಸಿಗೆ ಉತ್ತರ ಏನು ಬಂತು ಗೊತ್ತಾ? ಇಲ್ಲಿ ನೋಡಿ," ಎಂದು ಕಡತ ತೆರೆದು ತೋರಿಸಿದರು. ದುಂಡನೆಯ ಅಕ್ಷರದಲ್ಲಿ ಮೂರು ಸಾಲು: 'ತಪ್ಪು ಮಾಡಿದ್ದೇನೆ. ಜಾರಿನಲ್ಲಿ 32 ಗ್ರಾಂ ಇದೆ. ನನ್ನನ್ನು ಕೆಲಸದಿಂದ ತೆಗೆಯುವುದಾದರೆ ತೂಗಿ ನೋಡಿ ತೆಗೆಯಿರಿ.'

ಕಣ್ಣಾರೆ ಕಂಡರೂ ಪ್ರಮಾಣಿಸಿ ನೋಡು ಎನ್ನುವುದು ನಮ್ಮ ಹಿರಿಯರ ಮಾತು. ಪ್ರಯೋಗಾಲಯದ ಗೋಡೆಗೆ ಅದಕ್ಕಿಂತ ಒಳ್ಳೆಯ ಬರಹ ಇನ್ನೊಂದಿಲ್ಲ. ದೊಡ್ಡ ಮೇಡಂ ಗುರುವಾರ ಎಲ್ಲರನ್ನೂ ತಕ್ಕಡಿ ಕೋಣೆಯಲ್ಲಿ ಸೇರಿಸಿದರು. ವರದಿ ಬೇಗ ಸಿಗಲೆಂದು ಬಂದಿದ್ದ ಕಂಪನಿಯ ಗುಣಮಟ್ಟ ಅಧಿಕಾರಿಯೂ ಕೂತರು. "ನಮ್ಮ ಲ್ಯಾಬಲ್ಲೂ ಎಂಟೇ ಬಂದಿದೆ, ನಿಮ್ಮಲ್ಲೂ ಎಂಟೇ ಬಂದಿದೆ. ಇನ್ನೇನು ಬೇಕು ಮೇಡಂ? ಪಾತ್ರೆ ತೊಳೆಯೋರ ಮಾತು ಕೇಳ್ಕೊಂಡು ಕೂರೋಕಾಗುತ್ತಾ?" ಎಂದರಂತೆ. ಚೊಕ್ಕಕ್ಕ ಬಾಗಿಲಲ್ಲೇ ನಿಂತಿದ್ದರು. ಎಷ್ಟೆಂದರೂ ಹಿತ್ತಲ ಗಿಡ ಮದ್ದಲ್ಲ.

ಜಾರನ್ನು ಒಳಗಿನ ದೊಡ್ಡ ತಕ್ಕಡಿಯ ಮೇಲಿಟ್ಟರು. ಅಂಟಿನ ತೂಕ 32.14 ಗ್ರಾಂ. ಅಡುಗೆ ತಕ್ಕಡಿಯದು ತಪ್ಪಿರಲಿಲ್ಲ, ದಶಮಾಂಶ ಮಾತ್ರ ಕಡಿಮೆ. ಆ ಅಂಟನ್ನು ಕೆರೆದು ಪರೀಕ್ಷಿಸಿದವರು ಸ್ವತಃ ದಶಮಾಂಶ ಸರ್. ಐದು ಪಾಲಿನಲ್ಲಿ ನಾಲ್ಕು ಪಾಲು ಸಕ್ಕರೆ. ಅವರು ಕಾಗದ ಕೆಳಗಿಟ್ಟು ಎದ್ದು ನಿಂತು, "ಅಕ್ಕ ಹೇಳಿದ್ದು ಸರಿ, ನಾನು ಪರೀಕ್ಷೆ ಮಾಡಿದ್ದು ಬರೀ ಓಟ್ಸ್ ಪುಡಿ," ಎಂದರು. ಹದಿನಾರು ವರ್ಷದ ಅನುಭವಸ್ಥ ನಾಲ್ಕು ಜನರ ಮುಂದೆ ಹಾಗೆ ಹೇಳುವುದು ಸಣ್ಣ ಮಾತಲ್ಲ. ನನಗೆ ಈ ಕಥೆಯಲ್ಲಿ ಅವರ ಮೇಲೂ ಗೌರವ ಹುಟ್ಟಿತು.

ಆಗಿದ್ದಿಷ್ಟೇ. ಮಿಕ್ಸಿ ತಿರುಗಿದರೆ ಬಿಸಿಯಾಗುತ್ತದೆ. ಬಿಸಿಗೆ ಈ ಕಂಪನಿ ಬಳಸುವ ಖರ್ಜೂರದ ಪಾಕ ಕರಗಿ ಬ್ಲೇಡಿಗೆ, ಗೋಡೆಗೆ ಅಂಟಿಕೊಳ್ಳುತ್ತದೆ. ಒಣ ಓಟ್ಸ್ ಮಾತ್ರ ಪುಡಿಯಾಗಿ ಹೊರಗೆ ಬರುತ್ತದೆ. ಕಂಪನಿಯವರು ಮೋಸ ಮಾಡಿರಲಿಲ್ಲ. ಅವರ ಮಿಕ್ಸಿಯೂ ಬಿಸಿಯಾಗುತ್ತಿತ್ತು, ಅವರ ಜಾರನ್ನೂ ಯಾರೋ ಪುಣ್ಯಾತ್ಗಿತ್ತಿ ತೊಳೆದಿಡುತ್ತಿದ್ದಳು. ಎರಡೂ ಕಡೆ ಒಂದೇ ತಪ್ಪಾದ್ದರಿಂದ ಎರಡೂ ಕಡೆ ಒಂದೇ ಉತ್ತರ ಬಂದಿತ್ತು. ಅದನ್ನೇ ಎಲ್ಲರೂ ಸತ್ಯವೆಂದು ನಂಬಿದ್ದರು.

ಹಾಗಾದರೆ ರುಬ್ಬುವುದು ಹೇಗೆ? ಕೈಯಲ್ಲಿ ಕತ್ತರಿಸೋಣವೇ, ನೀರಲ್ಲಿ ನೆನೆಸೋಣವೇ ಎಂದು ಚರ್ಚೆ ಶುರುವಾಯಿತು. ಬಾಗಿಲಿನಿಂದ ಮಾತು ಬಂತು. "ನಮ್ಮ ಮನೆಯೋರ ಪ್ಯಾಂಟಿಗೆ ವಾರಕ್ಕೊಂದು ಸಲ ಬಸ್ಸಿನ ಸೀಟಿನ ಚೂಯಿಂಗ್ ಗಮ್ ಅಂಟ್ಕೊಂಡು ಬರುತ್ತೆ ಮೇಡಂ. ಎಷ್ಟು ಎಳೆದ್ರೂ ಬರಲ್ಲ. ಐಸ್ ಇಟ್ರೆ ಗಟ್ಟಿಯಾಗಿ, ತಟ್ಟಿದ್ರೆ ಪುಡಿ ಪುಡಿಯಾಗಿ ಬಿದ್ದೋಗುತ್ತೆ. ಬಾರನ್ನೂ ಐಸ್ ಮಾಡಿ ರುಬ್ಬಿದ್ರೆ?"

ದೊಡ್ಡ ಮೇಡಂ ಬಾಗಿಲ ಕಡೆ ತಿರುಗಿ, "ಅಲ್ಲಿ ಯಾಕೆ ನಿಂತಿದ್ದೀರ, ಒಳಗೆ ಬನ್ನಿ," ಎಂದರು. ತಕ್ಕಡಿ ಕೋಣೆಯ ಹೊಸ್ತಿಲನ್ನು ಚೊಕ್ಕಕ್ಕ ದಾಟಿದ್ದು ಅದೇ ಮೊದಲು. ಚಪ್ಪಲಿ ಬಿಟ್ಟು ಒಳಗೆ ಹೋದರಂತೆ. "ನನಗೂ ಯಾಕೆ ಅಂತ ಗೊತ್ತಿಲ್ಲ, ಬಿಟ್ಟೆ," ಎನ್ನುತ್ತಾರೆ.

ಐದು ಹೊಸ ಬಾರು, ಜಾರು, ಬ್ಲೇಡು ಎಲ್ಲವನ್ನೂ ಗುರುವಾರ ಸಂಜೆ ಫ್ರೀಜರಿನಲ್ಲಿಟ್ಟು ಬೀಗ ಹಾಕಿದರು. ಶುಕ್ರವಾರ ಬೆಳಗ್ಗೆ ಎಲ್ಲರೆದುರು ಚೊಕ್ಕಕ್ಕನೇ ರುಬ್ಬಿದರು. ಮಿಕ್ಸಿಯನ್ನು ಬಿಟ್ಟೂ ಬಿಟ್ಟು ಐದೈದು ಸೆಕೆಂಡು ತಿರುಗಿಸಿದರು. ಕಲ್ಲಿನಂತಾಗಿದ್ದ ಬಾರು ಪಟಪಟನೆ ಒಡೆದು ಮರಳಿನಂತಾಯಿತು. ಒಳಗೆ ಹಾಕಿದ್ದು ಇನ್ನೂರು ಗ್ರಾಂ, ಹೊರಗೆ ಬಂದದ್ದು ನೂರ ತೊಂಬತ್ತೊಂಬತ್ತು. ಜಾರನ್ನು ಬೆಳಕಿಗೆ ಹಿಡಿದರೆ ಹೆಚ್ಚುಕಡಿಮೆ ತೊಳೆದಿಟ್ಟಂತೆ ಇತ್ತು.

ದಶಮಾಂಶ ಸರ್ ಮೂರು ಸಲ ಪರೀಕ್ಷಿಸಿದರು. 11.9. ಮತ್ತೆ 12.1. ಮತ್ತೆ 12.0. ಒಂದು ಬಾರಿಗೆ ಹನ್ನೆರಡು ಗ್ರಾಂ ಸಕ್ಕರೆ, ಪೊಟ್ಟಣ ಹೇಳುವುದಕ್ಕಿಂತ ನಾಲ್ಕು ಗ್ರಾಂ ಹೆಚ್ಚು. ಸುಮಾರು ಒಂದು ಟೀ ಚಮಚದಷ್ಟು. ಅಧಿಕಾರಿ ಇಂಗು ತಿಂದ ಮಂಗನಂತಾದರು ಎಂದು ಬರೆಯುವ ಆಸೆ ನನಗಿತ್ತು, ಚೊಕ್ಕಕ್ಕ ಬಿಡಲಿಲ್ಲ. "ಪಾಪ, ಅವರು ಎದ್ದು ಬಂದು ಕೈ ಮುಗಿದ್ರು. ನಮ್ಮ ಫ್ಯಾಕ್ಟರಿಗೂ ಬಂದು ತೋರಿಸ್ಕೊಡಿ ತಾಯಿ ಅಂದ್ರು. ಹಾಗೆಲ್ಲ ಬರೀಬೇಡಿ." ಬರೆಯುತ್ತಿಲ್ಲ. ಮನಸ್ಸಿನಲ್ಲಿ ಅಂದುಕೊಂಡೆ ಅಷ್ಟೆ.

ಪರೀಕ್ಷೆಗೆ ಬರುವ ಬಾರುಗಳಿಗೆ ಹೊದಿಕೆ ಇರುವುದಿಲ್ಲ, ಸಂಖ್ಯೆ ಮಾತ್ರ. ಯಾವ ಕಂಪನಿಯದೆಂದು ತೊಳೆಯುವ ಕೋಣೆಗೆ ಗೊತ್ತಾಗುವುದೇ ಇಲ್ಲ. ಎಲ್ಲ ಮುಗಿದ ಮೇಲೆ ಅಧಿಕಾರಿ ತಮ್ಮ ಚೀಲದಿಂದ ಪೊಟ್ಟಣವೊಂದನ್ನು ತೆಗೆದು, ಅಂಕಿ ಎಲ್ಲಿ ಬದಲಾಗಬೇಕೆಂದು ತೋರಿಸಲು ಮೇಜಿನ ಮೇಲಿಟ್ಟರು. ಹಸಿರು ಹೊದಿಕೆ, ಬೆಟ್ಟ ಹತ್ತುವ ಹುಡುಗಿ. ಚೊಕ್ಕಕ್ಕ ಅದನ್ನು ಎತ್ತಿಕೊಂಡು ಮತ್ತೊಮ್ಮೆ ನೋಡಿದರು. ಹಿಂದುಗಡೆಯ ಎಂಟು ಗ್ರಾಂ ನಂಬಿ, ಮೂರು ತಿಂಗಳಿಂದ ದಿನಾ ಬೆಳಗ್ಗೆ ಯಜಮಾನರ ಖಾಕಿ ಅಂಗಿಯ ಜೇಬಿಗೆ ತಾವೇ ಎಣಿಸಿ ಇಡುತ್ತಿದ್ದದ್ದು ಅದನ್ನೇ. ಟ್ರಿಪ್ಪಿಗೊಂದರಂತೆ ದಿನಕ್ಕೆ ನಾಲ್ಕು.

ಆ ಮೂರು ತಿಂಗಳು ಮನೆಯಲ್ಲಿ ನಡೆದದ್ದು ಸಣ್ಣ ಯುದ್ಧ. ಅನ್ನ ತೂಗಿ ಕೊಡುತ್ತಾರೆ, ಚಹಾ ಸಪ್ಪೆ, ಆದರೂ ಯಜಮಾನರ ಸಕ್ಕರೆ ಇಳಿಯುತ್ತಿಲ್ಲ. ಬಸ್ ನಿಲ್ದಾಣದಲ್ಲಿ ಕದ್ದು ಸಿಹಿ ತಿನ್ನುತ್ತಿದ್ದಾರೆಂದು ಇವರ ಅನುಮಾನ. ಸಂಜೆ ಜೇಬು ಮೂಸುವುದು, ಕಂಡಕ್ಟರನ್ನು ವಿಚಾರಿಸುವುದು ಎಲ್ಲ ಆಗಿತ್ತು. ಅವರು ಆಣೆ ಮಾಡಿದರೂ ನಂಬಿರಲಿಲ್ಲ.

"ಶುಕ್ರವಾರ ಮನೆಗೆ ಹೋಗಿ, ನಿಮ್ಮದೇನೂ ತಪ್ಪಿಲ್ಲ ರೀ, ಕಳ್ಳ ನಿಮ್ಮ ಜೇಬಲ್ಲಿರ್ಲಿಲ್ಲ, ನಮ್ಮ ಜಾರಲ್ಲಿದ್ದ ಅಂದೆ. ಅವರಿಗೆ ಅರ್ಥ ಆಗ್ಲಿಲ್ಲ. ಕೂರಿಸ್ಕೊಂಡು ಎಲ್ಲಾ ಹೇಳ್ದೆ," ಎನ್ನುತ್ತಾರೆ ಚೊಕ್ಕಕ್ಕ. ಯಜಮಾನರು ಏನೆಂದರು? "ಮೂರು ತಿಂಗಳು ಜೇಬು ಮೂಸಿದ್ದಕ್ಕೆ ಮೂರು ತಿಂಗಳು ನನ್ನ ಶೂ ಪಾಲಿಶ್ ಮಾಡು ಅಂದ್ರು. ಮಾಡ್ದೆ. ಎರಡೇ ದಿನ."

ದಿನಕ್ಕೆ ನಾಲ್ಕು ಬಾರು ಎಂದರೆ ಲೆಕ್ಕಕ್ಕೆ ಸಿಗದ ಹದಿನಾರು ಗ್ರಾಂ ಸಕ್ಕರೆ. ಅದೊಂದೇ ಕಾರಣವೆಂದು ಅವರ ವೈದ್ಯರು ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಆದರೆ ಬಾರು ಬಿಟ್ಟು, ಡಬ್ಬಿಯಲ್ಲಿ ಹುರಿದ ಕಡಲೆ ಒಯ್ಯಲು ಶುರು ಮಾಡಿದ ಮೇಲೆ ಅಂಕಿ ಇಳಿದಿದೆ. ಮನೆಯಲ್ಲಿ ಈಗ ಜೇಬು ಪರೀಕ್ಷೆ ನಿಂತಿದೆ.

ನೋಟಿಸ್ ರದ್ದಾಯಿತು. ಬಾರಿನ ಇನ್ನೊಂದು ಪಾಲನ್ನು ಬೇರೊಂದು ಪ್ರಯೋಗಾಲಯಕ್ಕೂ ಕಳಿಸಿದ್ದರು. ಅಲ್ಲಿಯೂ ಹೆಪ್ಪುಗಟ್ಟಿಸಿ ರುಬ್ಬಿದಾಗ 11.8 ಬಂತು. ಕಂಪನಿ ಮಿಕ್ಸಿಯ ಪಕ್ಕ ಫ್ರೀಜರ್ ತಂದಿಟ್ಟಿತು, ಪೊಟ್ಟಣದ ಅಂಕಿ ತಿದ್ದಿತು. ಇಲ್ಲಿನ ಕಾರ್ಯವಿಧಾನದ ಪುಸ್ತಕಕ್ಕೆ ಹದಿನೇಳನೆಯ ವಿಧಾನ ಸೇರಿತು: ಅಂಟು ಪದಾರ್ಥಗಳನ್ನು ಹೆಪ್ಪುಗಟ್ಟಿಸಿ ಪುಡಿ ಮಾಡುವುದು, ರುಬ್ಬುವ ಮೊದಲೂ ನಂತರವೂ ಜಾರನ್ನು ತೂಗುವುದು. ಪುಸ್ತಕದಲ್ಲಿ ಅದಕ್ಕೆ ಉದ್ದನೆಯ ಶೀರ್ಷಿಕೆ ಇದೆ. ಬಾಯಲ್ಲಿ ಮಾತ್ರ ಎಲ್ಲರೂ 'ಚೊಕ್ಕಕ್ಕನ ಪದ್ಧತಿ' ಎನ್ನುತ್ತಾರೆ. ಹೊಸದಾಗಿ ಸೇರುವ ಪದವೀಧರರಿಗೆ ಮೊದಲ ವಾರ ಇವರ ತೊಟ್ಟಿಯ ಬಳಿಯೇ ತರಬೇತಿ. "ರುಬ್ಬೋದು ಆಮೇಲೆ ಕಲೀರಿ, ಮೊದಲು ತೊಳೀರಿ ಅಂತೀನಿ. ಒಬ್ಬೊಬ್ಬರು ಮೂಗು ಮುರೀತಾರೆ. ನಾಲ್ಕನೇ ದಿನಕ್ಕೆ ಜಾರು ಹಿಡ್ಕೊಂಡು, ಅಕ್ಕ ಇದ್ರಲ್ಲಿ ಏನೋ ಉಳಿದಿದೆ ಅಂತ ತಾವೇ ಓಡಿ ಬರ್ತಾರೆ." ಇದನ್ನು ಹೇಳುವಾಗ ಅವರ ಮುಖದಲ್ಲಿ ನೋಟಿಸಿನ ನೆನಪು ಚೂರೂ ಇರುವುದಿಲ್ಲ.

ಮಧ್ಯಾಹ್ನ ಎರಡಕ್ಕೆ ಪಾಳಿ ಮುಗಿಯುತ್ತದೆ. ಬಸ್ ನಿಲ್ದಾಣದವರೆಗೆ ಜೊತೆಯಲ್ಲಿ ನಡೆದೆವು. ದಾರಿಯ ಅಂಗಡಿಯಲ್ಲಿ ಬಿಸ್ಕತ್ತಿನ ಸಾಲಿನ ಕೆಳಗೆ ಅದೇ ಹಸಿರು ಪೊಟ್ಟಣಗಳು, ಅದೇ ಬೆಟ್ಟ ಹತ್ತುವ ಹುಡುಗಿ. ಚೊಕ್ಕಕ್ಕ ಒಂದನ್ನು ಎತ್ತಿಕೊಂಡು ಹಿಂದಕ್ಕೆ ತಿರುಗಿಸಿ, ಕನ್ನಡಕ ಹುಡುಕತೊಡಗಿದರು. ಅಂಗಡಿಯವನು, "ತಗೊಳ್ಳಿ ಅಮ್ಮ, ಆರೋಗ್ಯಕ್ಕೆ ಒಳ್ಳೇದು," ಎಂದ. "ಎಷ್ಟು ಒಳ್ಳೇದು ಅಂತ ನೋಡ್ತಿದ್ದೀನಪ್ಪ," ಎಂದರು ಇವರು.

ಇಷ್ಟೆಲ್ಲ ಆದರೂ ನಿಮ್ಮ ಹೆಸರು ಎಲ್ಲೂ ಬರಲಿಲ್ಲವಲ್ಲ, ಬೇಜಾರಿಲ್ಲವೇ ಎಂದು ಕೇಳಿದೆ. ಬೆಳಗಿನಿಂದ ಕೇಳಬೇಕೆಂದು ಇಟ್ಟುಕೊಂಡಿದ್ದ ಪ್ರಶ್ನೆ ಅದು. ಅವರು ಕನ್ನಡಕ ಏರಿಸಿ, ಸಣ್ಣ ಅಕ್ಷರದ ಪಟ್ಟಿಯ ಮೇಲೆ ಗೆರೆಯಿಲ್ಲದ ಆ ಬೆರಳನ್ನು ಸಾಲು ಸಾಲಾಗಿ ಇಳಿಸುತ್ತಾ ಹೋದರು. ಶಕ್ತಿ, ಪ್ರೋಟೀನ್, ಕೊಬ್ಬು, ನಾರು. ಬೆರಳು ಸಕ್ಕರೆಯ ಎದುರಿನ ಹನ್ನೆರಡರ ಕೆಳಗೆ ನಿಂತಿತು.

"ಹೆಸರು ಯಾಕೆ ಬೇಕು?" ಎಂದರು. "ಇದು ನಾನು ತೊಳೀದೆ ಬಿಟ್ಟಿದ್ದು."